ಗಂಟು ಕೆಳಗೆ, ತಪ್ಪು ಮೇಲೆ

ಹೊಲಿಗೆ ಮೆಷಿನ್‌ನಲ್ಲಿ ಪರದೆಯ ಅಂಚು ಹೊಲಿಯುತ್ತಿದ್ದೆ. ಎರಡು ಮೀಟರ್ ನೇರ ಹೊಲಿಗೆ, ಅಷ್ಟೇ. ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಊಟ ಮುಗಿಸಿ ಕೂತರೆ ಅರ್ಧ ಗಂಟೆಯಲ್ಲಿ ಏಳಬಹುದು ಅಂದುಕೊಂಡಿದ್ದೆ. ಮೇಲಿನಿಂದ ನೋಡಿದರೆ ಹೊಲಿಗೆ ಗೆರೆ ಎಳೆದ ಹಾಗೆ ಬರುತ್ತಿತ್ತು. ಒಂದಡಿ ಹೋಗುವಷ್ಟರಲ್ಲಿ ಬಟ್ಟೆ ನಿಂತುಬಿಟ್ಟಿತು. ಮೆಷಿನ್ ಮಾತ್ರ ಗುರ್ ಅನ್ನುತ್ತಿದೆ. ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಮೆಷಿನ್‌ನ ಪಾದ ಎತ್ತಿ ಬಟ್ಟೆ ಎಳೆದೆ, ಬರಲಿಲ್ಲ. ಇನ್ನಷ್ಟು ಎಳೆದೆ. ಕಡೆಗೆ ಕತ್ತರಿ ತೂರಿಸಿ ಬಿಡಿಸಿ ಮಗುಚಿ ನೋಡಿದರೆ, ಕೆಳಗಡೆ ದಾರವೆಲ್ಲ ಸಿಕ್ಕು ಸಿಕ್ಕು. ಎಣ್ಣೆ ಕಾಣದ ತಲೆಕೂದಲಿನ ಹಾಗೆ ಒಂದು ಮುದ್ದೆ.

ಸಿಕ್ಕು ಕೆಳಗಿದೆ, ಹಾಗಾದರೆ ತಪ್ಪೂ ಕೆಳಗಿನದ್ದೇ ಅಲ್ವಾ? ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ, ಅಂದರೆ ಬಾಬಿನ್, ಕೂರುವ ಬಾಬಿನ್ ಕೇಸ್ ಹೊರಗೆ ತೆಗೆದೆ. ಅದರ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಬಿಗಿ ಮಾಡಿದೆ. ಮತ್ತೆ ಹೊಲಿದೆ, ಮತ್ತೆ ಸಿಕ್ಕು. ಸಡಿಲ ಮಾಡಿದೆ. ಮತ್ತೆ ಸಿಕ್ಕು. ಇನ್ನೂ ಸಡಿಲ ಮಾಡಲು ಹೋದಾಗ ಸ್ಕ್ರೂ ಹಾರಿ ನೆಲಕ್ಕೆ ಬಿತ್ತು. ಚಾಪೆ ಎತ್ತಿ, ಟಾರ್ಚ್ ಹಿಡಿದು, ಮೊಣಕಾಲೂರಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತವನ್ನು ಕಿತ್ತು ತಂದು ನೆಲ ಸವರಿದೆ. ಎರಡು ಗುಂಡುಸೂಜಿ, ಒಂದು ಮುರಿದ ಸೂಜಿಯ ತುದಿ, ಅದರ ಜೊತೆ ಆ ಸ್ಕ್ರೂ ಕೂಡ ಬಂತು.

ಅಮ್ಮನಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಲೇ ಇಲ್ಲ.

"ಪಾದ ಎತ್ತಿಕೊಂಡು ದಾರ ಹಾಕಿದ್ಯಾ, ಇಳಿಸಿ ಹಾಕಿದ್ಯಾ?"

"ಇಳಿಸಿಯೇ ಇತ್ತು ಅನ್ಸುತ್ತೆ. ಆದ್ರೆ ಸಿಕ್ಕಾಗ್ತಿರೋದು ಕೆಳಗೆ ಅಮ್ಮಾ."

"ಕೆಳಗೆ ಸಿಕ್ಕಾದ್ರೆ ಮೇಲಿನ ದಾರ ನೋಡ್ಬೇಕು. ಪಾದ ಎತ್ತು, ಮೊದಲಿಂದ ಹಾಕು. ಆ ಸ್ಕ್ರೂ ತಂಟೆಗೆ ಹೋಗ್ಬೇಡ."

ಆ ತಂಟೆಗೆ ಹೋಗಿ ಬಂದಾಗಿದೆ ಅಂತ ಹೇಳಲಿಲ್ಲ. ಪಾದ ಎತ್ತಿ ದಾರ ಹಾಕಿದೆ. ಹೊಲಿಗೆ ಎರಡೂ ಕಡೆ ಸರಿಯಾಯಿತು. ಸರಿಯಾಯಿತು ಅಂದರೆ, ನಾನು ತಿರುಗಿಸಿಟ್ಟಿದ್ದ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತರಲು ಇನ್ನೂ ಒಂದು ಗಂಟೆ ಹಿಡಿದ ಮೇಲೆ. ದಾರ ಹಾಕುವಾಗಿನ ತಪ್ಪು ಒಂದು ನಿಮಿಷದ್ದು, ನಾನು ರಿಪೇರಿ ಮಾಡಲು ಹೋಗಿ ಮಾಡಿದ್ದು ಒಂದು ಗಂಟೆಯದ್ದು.

ಮೇಲಿನ ದಾರ ಸೂಜಿಗೆ ಬರುವ ಮೊದಲು ಎರಡು ಚಿಕ್ಕ ತಟ್ಟೆಗಳ ನಡುವೆ ಹಾದು ಬರುತ್ತದೆ. ದಾರಕ್ಕೆ ಬಿಗಿ ಕೊಡುವ ಟೆನ್ಶನ್ ತಟ್ಟೆಗಳು. ಪಾದ ಎತ್ತಿದಾಗ ಆ ತಟ್ಟೆಗಳು ಬಾಯಿ ಬಿಡುತ್ತವೆ, ಇಳಿಸಿದಾಗ ಕಚ್ಚಿಕೊಳ್ಳುತ್ತವೆ. ಪಾದ ಇಳಿಸಿದ್ದಾಗ ದಾರ ಹಾಕಿದರೆ ಅದು ತಟ್ಟೆಗಳ ನಡುವೆ ಇಳಿಯದೆ ಅಂಚಿನಲ್ಲೇ ಕೂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿ ಹಾಕಿದ ಹಾಗೇ ಕಾಣುತ್ತದೆ. ಆದರೆ ದಾರವನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಕೆಳಗಿನಿಂದ ಎಷ್ಟು ಎಳೆದರೂ ಸುಮ್ನೆ ಬಿಚ್ಚಿಕೊಂಡು ಬರುತ್ತದೆ, ಬಂದಿದ್ದೆಲ್ಲ ಬಟ್ಟೆಯ ಕೆಳಗೆ ಗುಡ್ಡೆ ಬೀಳುತ್ತದೆ. ಈಗ ನಾನು ದಾರ ಹಾಕಿದ ಮೇಲೆ, ಪಾದ ಇಳಿಸಿ, ಸೂಜಿಯ ಹತ್ತಿರ ಒಂದು ಸಲ ದಾರ ಎಳೆದು ನೋಡುತ್ತೇನೆ. ಬಿಗಿಯಾಗಿ, ಸೂಜಿ ಸ್ವಲ್ಪ ಬಾಗುವಷ್ಟು ತಡೆಯಬೇಕು. ಪಾದ ಎತ್ತಿ ಎಳೆದರೆ ಸಲೀಸಾಗಿ ಬರಬೇಕು. ಎರಡೂ ಒಂದೇ ಥರ ಬಂದರೆ ದಾರ ತಟ್ಟೆಯೊಳಗೆ ಇಲ್ಲ ಅಂತಲೇ ಅರ್ಥ.

ಆ ರಾತ್ರಿಯ ನಂತರ ಒಂದು ಭಾನುವಾರ ಪೂರ್ತಿ ಮೆಷಿನ್ ಮುಂದೆ ಕೂತೆ. ಹೊಲಿಯಲು ಅಲ್ಲ, ನೋಡಲು. ಪಾದದ ಕೆಳಗೆ ಸೂಜಿ ಇಳಿಯುವ ತೂತಿರುವ ಲೋಹದ ತಟ್ಟೆ, ಅದೇ ಸೂಜಿ ತಟ್ಟೆ, ಅದರ ಎರಡು ಸ್ಕ್ರೂ ಬಿಚ್ಚಿ, ತಟ್ಟೆ ತೆಗೆದಿಟ್ಟು, ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ, ಕೈಯಲ್ಲಿ ಚಕ್ರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದೆ. ಇದನ್ನು ಮೆಷಿನ್ ಇರುವ ಎಲ್ಲರೂ ಜೀವನದಲ್ಲಿ ಒಂದು ಸಲ ಮಾಡಬೇಕು ಅನ್ನುವುದು ನನ್ನ ಹಠ. (ಕರೆಂಟಿನ ಮೆಷಿನ್ ಆದರೆ ಮೊದಲು ಪ್ಲಗ್ ಕಿತ್ತಿಡಿ. ಕಾಲು ಪೆಡಲ್ ಮೇಲೆ ಇರುವುದು ಮರೆತು ಬೆರಳು ಸೂಜಿ ಕೆಳಗೆ ಇಟ್ಟವರ ಕಥೆ ಹೇಳುವುದು ಬೇಡ.)

ಸೂಜಿ ಕೆಂಪು ದಾರವನ್ನು ಹೊತ್ತುಕೊಂಡು ಪೂರ್ತಿ ಕೆಳಗೆ ಇಳಿಯುತ್ತದೆ. ಆಗ ಏನೂ ಆಗುವುದಿಲ್ಲ. ಸೂಜಿ ಮೇಲೇಳಲು ಶುರು ಮಾಡಿದಾಗ, ಸುಮಾರು ಎರಡು ಮಿಲಿಮೀಟರ್ ಎದ್ದಿರುತ್ತದೆ ಅಷ್ಟೇ, ಅದರ ಹಿಂದೆ ದಾರ ಚೂರು ಉಬ್ಬಿ ಒಂದು ಕುಣಿಕೆ ಆಗುತ್ತದೆ. ಅದೇ ಕ್ಷಣಕ್ಕೆ ಪಕ್ಕದಿಂದ, ಬಾಬಿನ್ ಕೇಸಿನ ಸುತ್ತ ತಿರುಗುವ ಶಟಲ್‌ನ ಕೊಕ್ಕೆ ಬಂದು ಆ ಕುಣಿಕೆಗೆ ಮೂಗು ತೂರಿಸುತ್ತದೆ. ಕುಣಿಕೆಯನ್ನು ಅಗಲ ಮಾಡಿ, ಬಾಬಿನ್ ಕೇಸಿನ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿಸುತ್ತದೆ. ಅಂದರೆ ಬಾಬಿನ್ ಇಡಿಯಾಗಿ ಕೆಂಪು ದಾರದ ಕುಣಿಕೆಯೊಳಗಿನಿಂದ ತೂರಿ ಹೋಗುತ್ತದೆ! ನಂತರ ಮೆಷಿನ್ ಮುಂದೆ ಮೇಲೆ ಕೆಳಗೆ ಕುಣಿಯುವ, ದಾರ ಎಳೆಯುವ ತೋಳು ಕೆಂಪನ್ನು ಎಳೆದುಕೊಳ್ಳುತ್ತದೆ. ಕೆಂಪು ಮತ್ತು ಬಿಳಿ ಬಟ್ಟೆಯ ದಪ್ಪದ ಮಧ್ಯೆ ಒಂದನ್ನೊಂದು ತೊಡರಿಕೊಂಡು ನಿಲ್ಲುತ್ತವೆ. ಒಂದು ಹೊಲಿಗೆ ಆಯಿತು.

ಇದನ್ನು ನೋಡಿದ ಮೇಲೆ ಅಮ್ಮನ ಮಾತು ಅರ್ಥವಾಯಿತು. ಮೇಲಿನ ದಾರ ಪ್ರತಿ ಹೊಲಿಗೆಗೂ ಬಾಬಿನ್ ಸುತ್ತುವಷ್ಟು ಉದ್ದ ಕೆಳಗೆ ಇಳಿಯುತ್ತದೆ. ಅದನ್ನು ವಾಪಸ್ ಮೇಲೆ ಎಳೆದುಕೊಳ್ಳುವ ಬಿಗಿ ಇಲ್ಲದಿದ್ದರೆ ಅಲ್ಲೇ ಉಳಿದುಬಿಡುತ್ತದೆ. ಕೆಳಗಿನ ಸಿಕ್ಕನ್ನು ಬಿಡಿಸಿ ನೋಡಿದ್ದರೆ ಆ ರಾತ್ರಿಯೇ ಗೊತ್ತಾಗುತ್ತಿತ್ತು, ಅದರಲ್ಲಿ ಇದ್ದದ್ದು ಬಹುಪಾಲು ಮೇಲಿನ ದಾರ. ಎರಡೂ ಒಂದೇ ಬಣ್ಣ ಇದ್ದಿದ್ದರಿಂದ ಕಾಣಲಿಲ್ಲ. ಇನ್ನೊಂದು ವಿಷಯವೂ ಆವತ್ತೇ ಹೊಳೆಯಿತು. ದಾರದ ಒಂದೇ ತುಂಡು ಹೀಗೆ ಕೆಳಗೆ ಮೇಲೆ ಹೋಗಿ ಬಂದು, ಬಟ್ಟೆಯಲ್ಲಿ ಕೂರುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಉಜ್ಜಿಕೊಂಡಿರುತ್ತದೆ. ಹಳೆಯ ದಾರ, ಮೈಮೇಲೆಲ್ಲ ಜುಂಜು ಇರುವ ದಾರ ಯಾಕೆ ಪದೇ ಪದೇ ಕಡಿಯುತ್ತದೆ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕೈಸೂಜಿಗೆ ಕಣ್ಣು ಬುಡದಲ್ಲಿರುತ್ತದೆ, ಮೆಷಿನ್ ಸೂಜಿಗೆ ಮೂಗಿನಲ್ಲಿ. ಇಷ್ಟು ಚಿಕ್ಕ ಬದಲಾವಣೆಗೆ ಮನುಷ್ಯರು ಎಷ್ಟು ಕಷ್ಟಪಟ್ಟರು ನೋಡಿ. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಇದ್ದದ್ದು ಕೊಕ್ಕೆಯ ಸೂಜಿ, ಒಂದೇ ದಾರ, ಸರಪಳಿ ಹೊಲಿಗೆ. ಒಂದು ತುದಿ ಸಿಕ್ಕರೆ ಸಾಕು, ಅಕ್ಕಿ ಚೀಲದ ಬಾಯಿ ಬಿಚ್ಚಿದ ಹಾಗೆ ಸರ್ರನೆ ಬಿಚ್ಚಿಬರುವ ಹೊಲಿಗೆ. ಅವನ ಯಂತ್ರಗಳು ಸೈನಿಕರ ಬಟ್ಟೆ ಹೊಲಿಯುತ್ತಿದ್ದವು. ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂತ ಪ್ಯಾರಿಸ್ಸಿನ ದರ್ಜಿಗಳು 1831ರಲ್ಲಿ ನುಗ್ಗಿ ಅವನ್ನು ಒಡೆದು ಹಾಕಿದರು. ಅಮೆರಿಕದಲ್ಲಿ ವಾಲ್ಟರ್ ಹಂಟ್ ಅನ್ನುವವನು 1830ರ ದಶಕದಲ್ಲೇ ಮೂಗಿನಲ್ಲಿ ಕಣ್ಣಿರುವ ಸೂಜಿ ಮತ್ತು ಎರಡು ದಾರದ ಯಂತ್ರ ಮಾಡಿ, ಪೇಟೆಂಟ್ ಮಾಡಿಸದೆ ಬಿಟ್ಟ. ನಾವು ಸೆರಗಿಗೆ ಹಾಕುವ ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದವನೂ ಇವನೇ. ಅವನು ಬಿಟ್ಟ ಹೊಲಿಗೆ ಯಂತ್ರದ ಪೇಟೆಂಟ್ ಎಲಿಯಾಸ್ ಹೋವೆಯ ಪಾಲಾಯಿತು, 1846ರಲ್ಲಿ. ಆದರೆ ಹೋವೆಯ ಯಂತ್ರದಲ್ಲಿ ಬಟ್ಟೆಯನ್ನು ಮುಳ್ಳುಗಳಿದ್ದ ಪಟ್ಟಿಗೆ ಚುಚ್ಚಿ ನೇತುಹಾಕಬೇಕಿತ್ತು. ಪಟ್ಟಿ ಮುಗಿದರೆ ನಿಲ್ಲಿಸಿ ಮತ್ತೆ ಚುಚ್ಚಬೇಕು. ಇವತ್ತು ಪಾದದ ಕೆಳಗೆ ಬಟ್ಟೆಯನ್ನು ಕಚ್ಚಿ, ಮುಂದೆ ನೂಕಿ, ಕೆಳಗಿಳಿದು, ಹಿಂದೆ ಬರುವ ಆ ಹಲ್ಲುಗಳಿವೆಯಲ್ಲ, ಅವು ಅಲೆನ್ ವಿಲ್ಸನ್‌ನ ಕೊಡುಗೆ, 1854ರದ್ದು. ಸಿಂಗರ್ ಹೆಸರು ಎಲ್ಲರಿಗೂ ಗೊತ್ತು. ನನಗೆ ಮಾತ್ರ ಪರದೆಯ ಎರಡು ಮೀಟರ್ ಅಂಚು ಹೊಲಿಯುವಾಗ ವಿಲ್ಸನ್ ನೆನಪಾಗುತ್ತಾನೆ.

ಸೂಜಿಯ ವಿಷಯಕ್ಕೆ ಬರೋಣ. ಮೆಷಿನ್ ಕೆಟ್ಟಿದೆ ಅಂತ ನಾನು ಅಂದುಕೊಂಡ ಸಲಗಳನ್ನು ಲೆಕ್ಕ ಹಾಕಿದರೆ, ಅರ್ಧಕ್ಕಿಂತ ಜಾಸ್ತಿ ಸಲ ಕೆಟ್ಟಿದ್ದು ಸೂಜಿ. ಒಮ್ಮೆ ಒಂದು ಟೀ ಶರ್ಟಿನ ಪಕ್ಕ ಹಿಡಿಸಲು ಕೂತಿದ್ದೆ. ನಾಲ್ಕು ಹೊಲಿಗೆ ಬೀಳುತ್ತದೆ, ಎರಡು ಬಿಡುತ್ತದೆ. ಟೆನ್ಶನ್ ತಿರುಗಿಸಿದೆ, ದಾರ ಬದಲಾಯಿಸಿದೆ, ಎಣ್ಣೆ ಬಿಟ್ಟೆ. ಊಹೂಂ. ರಿಪೇರಿಯವರನ್ನು ಕರೆಸಿದೆ. ಅವರು ಸೂಜಿಯನ್ನು ಬಿಚ್ಚಿ, ಉಗುರಿನ ಮೇಲೆ ಅದರ ತುದಿಯನ್ನು ಮೆಲ್ಲಗೆ ಎಳೆದರು. ಉಗುರಿನ ಮೇಲೆ ಬಿಳಿ ಗೀರು ಬಿತ್ತು. "ತುದಿ ಮಡಿಚಿದೆ ನೋಡಿ" ಅಂದರು. ಆಮೇಲೆ ತಮ್ಮ ಡಬ್ಬಿಯಿಂದ ಬೇರೆ ಸೂಜಿ ತೆಗೆದು ಹಾಕಿ ಹೊಲಿದು ತೋರಿಸಿದರು. ಒಂದು ಹೊಲಿಗೆಯೂ ಬಿಡಲಿಲ್ಲ. ಸ್ಕ್ರೂಡ್ರೈವರ್ ಬಿಟ್ಟು ಇನ್ನೊಂದು ಸಾಮಾನು ಅವರ ಚೀಲದಿಂದ ಹೊರಗೆ ಬರಲಿಲ್ಲ.

ಅವರು ಹಾಕಿದ್ದು ಗುಂಡು ತುದಿಯ ಸೂಜಿ. ಹಿಗ್ಗುವ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಚೂಪು ಸೂಜಿ ಅದರ ಎಳೆಯನ್ನೇ ಚುಚ್ಚಿ ಹರಿಯುತ್ತದೆ, ಗುಂಡು ತುದಿ ಎಳೆಗಳನ್ನು ಪಕ್ಕಕ್ಕೆ ಸರಿಸಿ ಹೋಗುತ್ತದೆ. ಚೂಪು ಸೂಜಿ ಮೇಲೇಳುವಾಗ ಹಿಗ್ಗುವ ಬಟ್ಟೆಯೂ ಅದರ ಜೊತೆ ಎದ್ದು ಬಂದರೆ, ಆ ಎರಡು ಮಿಲಿಮೀಟರ್ ಹೊತ್ತಿನಲ್ಲಿ ಆಗಬೇಕಾದ ಕುಣಿಕೆ ಆಗುವುದೇ ಇಲ್ಲ. ಕೊಕ್ಕೆ ಬರುತ್ತದೆ, ಖಾಲಿ ಕೈಯಲ್ಲಿ ಹೋಗುತ್ತದೆ. ಹೊಲಿಗೆ ಬಿಡುವುದು ಅಂದರೆ ಇಷ್ಟೇ.

ಒಂದು ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ದಪ್ಪ ಭಾಗ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಂಡಗೆ. ಗುಂಡಗಿರುವ ಕಡೆ ಮೇಲಿನಿಂದ ಕಣ್ಣಿನವರೆಗೆ ಒಂದು ಉದ್ದ ಗೀರು ಕಾಲುವೆಯ ಹಾಗೆ ಇರುತ್ತದೆ. ಇಳಿಯುವಾಗ ದಾರ ಆ ಕಾಲುವೆಯಲ್ಲಿ ಅಡಗಿ ಕೂರುತ್ತದೆ, ಬಟ್ಟೆಗೆ ಉಜ್ಜುವುದಿಲ್ಲ. ಹಿಂದೆ ಕಣ್ಣಿನ ಸ್ವಲ್ಪ ಮೇಲೆ ಒಂದು ತಗ್ಗು. ಕೊಕ್ಕೆ ಸೂಜಿಗೆ ತಾಗದೆ ಹತ್ತಿರ ಬರಲಿ ಅಂತ ತೋಡಿದ ಜಾಗ ಅದು. ಸೂಜಿಯನ್ನು ತಿರುವುಮುರುವು ಹಾಕಿದರೆ ಕಾಲುವೆ ಒಂದು ಕಡೆ, ದಾರ ಇನ್ನೊಂದು ಕಡೆ. ಕೊಕ್ಕೆ ಬರುವ ಕಡೆ ತಗ್ಗೂ ಇಲ್ಲ, ಕುಣಿಕೆಯೂ ಇಲ್ಲ. ಮೆಷಿನ್ ಹೊಲಿಯುವುದೇ ಇಲ್ಲ, ಅಥವಾ ಕೊಕ್ಕೆ ಸೂಜಿಗೆ ಹೊಡೆಯುತ್ತದೆ. ದಾರ ಯಾವ ಕಡೆಯಿಂದ ಕಣ್ಣಿಗೆ ಹೋಗುತ್ತದೋ ಆ ಕಡೆಗೆ ಉದ್ದ ಕಾಲುವೆ, ಇಷ್ಟು ನೆನಪಿದ್ದರೆ ಸಾಕು. ನನ್ನ ಹೊಸ ಮೆಷಿನ್‌ನಲ್ಲಿ ದಾರ ಮುಂದಿನಿಂದ ಹಿಂದಕ್ಕೆ, ಅದಕ್ಕೆ ಚಪ್ಪಟೆ ಹಿಂದೆ. ಅಮ್ಮನ ಕಾಲ್ತುಳಿತದ ಹಳೆಯದರಲ್ಲಿ ದಾರ ಪಕ್ಕದಿಂದ ಹೋಗುತ್ತದೆ. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ ಸೂಜಿ ಹಾಕಿ ನಾನು ಎರಡು ಸಲ ಮೋಸಹೋಗಿದ್ದೇನೆ.

ಹಾಕುವಾಗ ಮೇಲೆ ತಾಗುವವರೆಗೆ ನೂಕಿ, ಆಮೇಲೆ ಸ್ಕ್ರೂ ಬಿಗಿ ಮಾಡಬೇಕು. ಅಕ್ಕಿ ಕಾಳಿನಷ್ಟು ಕೆಳಗೆ ಜಾರಿದ್ದರೂ ಕೊಕ್ಕೆಯ ಲೆಕ್ಕ ತಪ್ಪುತ್ತದೆ.

ಸೂಜಿ ಪೊಟ್ಟಣದ ಮೇಲೆ 90/14, 75/11 ಅಂತೆಲ್ಲ ಬರೆದಿರುತ್ತದಲ್ಲ, ಎಷ್ಟೋ ವರ್ಷ ನಾನು ಅದನ್ನು ಓದಿಯೇ ಇರಲಿಲ್ಲ. ದೊಡ್ಡ ಅಂಕಿ ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 90 ಅಂದರೆ 0.9 ಮಿಲಿಮೀಟರ್. ಪಕ್ಕದ ಚಿಕ್ಕ ಅಂಕಿ ಅದೇ ಅಳತೆಗೆ ಇನ್ನೊಂದು ಹೆಸರು. ಸಾಧಾರಣ ಹತ್ತಿ ಬಟ್ಟೆಗೆ 80 ಅಥವಾ 90, ತೆಳು ಬಟ್ಟೆಗೆ 70ರ ಆಸುಪಾಸು, ಜೀನ್ಸ್ ಬಟ್ಟೆಗೆ 100 ಇಲ್ಲವೇ ಅದಕ್ಕೂ ಮೇಲೆ. ತೆಳು ಸೂಜಿಗೆ ದಪ್ಪ ದಾರ ಹಾಕಿದರೆ ಕಣ್ಣಿನಲ್ಲಿ ಉಜ್ಜಿ ಕಡಿಯುತ್ತದೆ. ದಪ್ಪ ಸೂಜಿಯಿಂದ ರೇಷ್ಮೆ ಹೊಲಿದರೆ ತೂತುಗಳು ಹಾಗೇ ಉಳಿಯುತ್ತವೆ, ಹೊಲಿಗೆ ಬಿಚ್ಚಿದರೂ ಹೋಗುವುದಿಲ್ಲ. ಎಂಟು ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ ಅನ್ನುತ್ತಾರೆ. ನಾನು ಗಡಿಯಾರ ನೋಡುವುದಿಲ್ಲ. ಬಟ್ಟೆಗೆ ಇಳಿಯುವಾಗ ಟಪ್ ಟಪ್ ಅಂತ ಡೋಲಿನ ಹಾಗೆ ಸದ್ದು ಬಂದರೆ ತುದಿ ಮೊಂಡಾಗಿದೆ, ತೆಗೆದು ಹಾಕುತ್ತೇನೆ.

ಟೆನ್ಶನ್ ಬಗ್ಗೆ ಎಲ್ಲರಿಗೂ ಭಯ, ನನಗೂ ಇತ್ತು. ಆ ಭಾನುವಾರದ ಕೆಂಪು ಬಿಳಿ ದಾರ ಅದನ್ನು ಕಳೆಯಿತು. ಎರಡು ಮಡಿಕೆ ಚಿಂದಿ ಬಟ್ಟೆ ತೆಗೆದುಕೊಂಡು ಒಂದು ಗೇಣು ಹೊಲಿಯಬೇಕು. ಮೇಲೆ ಕೆಂಪು ಗೆರೆಯ ಮೇಲೆ ಬಿಳಿ ಚುಕ್ಕೆಗಳು ಇಣುಕಿದರೆ ಮೇಲಿನ ಟೆನ್ಶನ್ ಜಾಸ್ತಿ, ಕೆಳಗಿನ ದಾರವನ್ನು ಮೇಲಕ್ಕೆ ಎಳೆಯುತ್ತಿದೆ. ಕೆಳಗೆ ಕೆಂಪು ಕುಣಿಕೆಗಳು ಕಂಡರೆ ಮೇಲಿನದ್ದು ಸಡಿಲ. ಎರಡು ಕಡೆಯೂ ತಮ್ಮ ತಮ್ಮ ಬಣ್ಣವೇ ಕಂಡರೆ ಜಗಳ ಮುಗಿಯಿತು, ಇಬ್ಬರೂ ಬಟ್ಟೆಯ ಮಧ್ಯೆ ರಾಜಿಯಾಗಿದ್ದಾರೆ. ಮೇಲಿನ ಟೆನ್ಶನ್ ಗುಂಡಿಯನ್ನು ಅರ್ಧರ್ಧ ಅಂಕಿ ಸರಿಸಿ ಮತ್ತೆ ಹೊಲಿದು ನೋಡಬೇಕು. ಕೆಳಗಿನ ಸ್ಕ್ರೂ ಮುಟ್ಟುವುದು ಕೊನೆಗೆ. ಮುಟ್ಟುವ ಮೊದಲು ಅದರ ಗೀರು ಯಾವ ಕಡೆಗೆ ಇದೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಲೋಹದ ಬಾಬಿನ್ ಕೇಸ್ ಆದರೆ ದಾರ ಹಿಡಿದು ನೇತಾಡಿಸಿದಾಗ ತಾನಾಗಿ ಜಾರಬಾರದು, ಮಣಿಕಟ್ಟನ್ನು ಒಮ್ಮೆ ಕೊಡವಿದರೆ ಎರಡು ಮೂರು ಬೆರಳಷ್ಟು ಇಳಿದು ನಿಲ್ಲಬೇಕು. ಸ್ಕ್ರೂ ಕಳೆದುಕೊಂಡ ಆ ರಾತ್ರಿ ನಾನು ಮೊದಲಿನ ಜಾಗ ಹುಡುಕಿದ್ದು ಹೀಗೆ ಜೇಡನ ಹಾಗೆ ನೇತಾಡಿಸಿ ನೇತಾಡಿಸಿಯೇ.

ಬಾಬಿನ್ ಸುತ್ತುವುದರಲ್ಲಿ ಸೋಮಾರಿತನ ಮಾಡಿದರೆ ಅದು ಹೊಲಿಗೆಯಲ್ಲಿ ಕಾಣುತ್ತದೆ. ಮೆತ್ತಗೆ ಸುತ್ತಿದ್ದರೆ, ಒಂದು ಕಡೆ ಗುಡ್ಡ ಒಂದು ಕಡೆ ಹಳ್ಳ ಇದ್ದರೆ, ಬಿಚ್ಚಿಕೊಳ್ಳುವಾಗ ಒಮ್ಮೆ ಬಿಗಿ ಒಮ್ಮೆ ಸಡಿಲ ಬರುತ್ತದೆ. ಬೇರೆ ಮೆಷಿನ್‌ನ ಬಾಬಿನ್ ಕೂತ ಹಾಗೆ ಕಂಡರೂ ಹಾಕಬೇಡಿ, ಎತ್ತರದಲ್ಲಿ ಚೂರು ವ್ಯತ್ಯಾಸ ಇದ್ದರೂ ಅದು ಒಳಗೆ ಕುಣಿಯುತ್ತದೆ.

ಸೂಜಿ ತಟ್ಟೆ ಬಿಚ್ಚಿದ ದಿನ ಹಲ್ಲುಗಳ ಸಂದಿನಲ್ಲಿ ಸಿಕ್ಕಿದ್ದು ಮರೆಯುವ ಹಾಗಿಲ್ಲ. ನೂಲಿನ ಧೂಳು ಒತ್ತಿ ಒತ್ತಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಪಿನ್ನಿನಿಂದ ಕೆದಕಿದರೆ ಪದರ ಪದರವಾಗಿ ಎದ್ದು ಬಂತು. ಯಾವ್ಯಾವುದೋ ಬಟ್ಟೆಯ ಬಣ್ಣ ಅದರಲ್ಲಿ. ಬಟ್ಟೆ ಮುಂದೆ ಹೋಗುತ್ತಿಲ್ಲ ಅಂತ ನಾನು ತಿಂಗಳುಗಟ್ಟಲೆ ಕೈಯಿಂದ ಎಳೆದು ಹೊಲಿದಿದ್ದೆ. ಹಲ್ಲು ಮೇಲೇಳಲು ಅದಕ್ಕೆ ಜಾಗವೇ ಇರಲಿಲ್ಲ ಪಾಪ. ಹೀಗೆ ಎಳೆದು ಹೊಲಿಯುವುದು ಇನ್ನೊಂದು ಕೆಟ್ಟ ಚಾಳಿ. ಎಳೆದರೆ ಸೂಜಿ ಬಾಗುತ್ತದೆ, ಬಾಗಿದ ಸೂಜಿ ತಟ್ಟೆಗೆ ಬಡಿಯುತ್ತದೆ, ಮುರಿದ ತುದಿ ಎಲ್ಲಿಗೆ ಹಾರುತ್ತದೋ ದೇವರೇ ಬಲ್ಲ. ಕೈಗಳ ಕೆಲಸ ದಾರಿ ತೋರಿಸುವುದು ಮಾತ್ರ.

ಧೂಳನ್ನು ಊದಿ ತೆಗೆಯಬೇಡಿ, ಒಳಗೆ ಹೋಗುತ್ತದೆ. ಗಟ್ಟಿ ಕೂದಲಿನ ಚಿಕ್ಕ ಬ್ರಷ್ ಸಾಕು.

ಎಣ್ಣೆಯ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಅನಾಹುತ ಆಗಿದೆ. ಅಮ್ಮನ ಮೆಷಿನ್ ಕೆಲವು ವರ್ಷ ಮೂಲೆ ಸೇರಿತ್ತು. ಯಾರೋ ಒಳ್ಳೆಯ ಮನಸ್ಸಿನಿಂದ ತಲೆಗೆ ಹಚ್ಚುವ ಎಣ್ಣೆಯನ್ನು ಎಲ್ಲ ತೂತುಗಳಿಗೂ ಬಿಟ್ಟಿದ್ದರು. ತಿನ್ನುವ, ಹಚ್ಚುವ ಎಣ್ಣೆಗಳು ಗಾಳಿಗೆ ಅಂಟಾಗಿ ಗಟ್ಟಿಯಾಗುತ್ತವೆ. ನಾನು ತೆಗೆದಾಗ ಚಕ್ರ ಅಲ್ಲಾಡಲಿಲ್ಲ, ಕಬ್ಬಿಣದ ಕಂಬಿಗಳ ಮೇಲೆ ಕಂದು ಅಂಟು. ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ಕಿಟಕಿ ತೆರೆದು ಒಲೆ ದೀಪ ದೂರ ಇಟ್ಟು, ಒರೆಸಿ ಒರೆಸಿ ಮೂರು ದಿನ ಹಿಡಿಯಿತು. ಆಮೇಲೆ ಹೊಲಿಗೆ ಮೆಷಿನ್‌ಗೆಂದೇ ಬರುವ ತಿಳಿ ಎಣ್ಣೆ, ಒಂದೊಂದು ಕಡೆಗೆ ಒಂದೊಂದೇ ಹನಿ. ಚಿಂದಿ ಬಟ್ಟೆಯ ಮೇಲೆ ದಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿದರೆ ಹೆಚ್ಚಿನ ಎಣ್ಣೆ ಬಟ್ಟೆಗೆ ಹೋಗುತ್ತದೆ, ಇಲ್ಲದಿದ್ದರೆ ಮುಂದಿನ ಬಿಳಿ ರವಿಕೆಗೆ ಹೋಗುತ್ತದೆ. ಕೆಲವು ಹೊಸ ಮೆಷಿನ್‌ಗಳಿಗೆ ಎಣ್ಣೆಯೇ ಬೇಡ. ಅದರ ಪುಸ್ತಕದಲ್ಲಿ ಏನು ಹೇಳಿದೆಯೋ ಅದೇ ಸರಿ.

ಕೆಲವಕ್ಕೆ ಇಷ್ಟು ವಿವರ ಬೇಡ. ಮೋಟರ್ ಗುಂಯ್ ಅಂದು ಸೂಜಿ ಏಳದಿದ್ದರೆ, ಬಾಬಿನ್ ಸುತ್ತುವ ಕಡ್ಡಿ ಇನ್ನೂ ಬಲಕ್ಕೇ ಇದೆಯಾ ನೋಡಿ. ಕಾಲ್ತುಳಿತದ್ದಾದರೆ ಬಾಬಿನ್ ಸುತ್ತಲು ಸಡಿಲ ಮಾಡಿದ ಚಕ್ರದ ಮಧ್ಯದ ಗುಂಡಿಯನ್ನು ಬಿಗಿ ಮಾಡಲು ಮರೆತಿರುತ್ತೀರಿ. ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೇ ತಿರುಗಿಸಿ. ಹೊಲಿಯಲು ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡರೆ ಮೊದಲ ಗಂಟು ತಪ್ಪುತ್ತದೆ. ಪ್ಯಾಂಟಿನ ಕಾಲಿನ ದಪ್ಪ ಮಡಿಕೆಯ ಮುಂದೆ ಪಾದ ಮೂಗೆತ್ತಿ ನಿಂತರೆ, ಹಿಂದೆ ಅಷ್ಟೇ ದಪ್ಪದ ಬಟ್ಟೆಯನ್ನು ಮಡಿಚಿ ಪಾದದ ಕೆಳಗೆ ಇಡಿ. ಪಾದ ಸಮವಾಗುತ್ತದೆ, ಮಡಿಕೆ ಹತ್ತುತ್ತದೆ.

ಆ ಪರದೆ ಈಗಲೂ ಕಿಟಕಿಗೆ ನೇತಾಡುತ್ತಿದೆ. ಮೊದಲ ಒಂದಡಿ ಹೊಲಿಗೆಯನ್ನು ನಾನು ಬಿಚ್ಚಲೇ ಇಲ್ಲ. ಸಿಕ್ಕಿನ ಮುದ್ದೆ ಕತ್ತರಿಸಿ ಮುಂದೆ ಹೊಲಿದುಬಿಟ್ಟೆ. ಗೋಡೆಯ ಕಡೆ ತಿರುಗಿಸಿ ನೋಡಿದರೆ ಕುಣಿಕೆಗಳು ಸಾಲಾಗಿ ಇವೆ, ಬೆರಳು ತೂರುತ್ತದೆ.

ಅಮ್ಮನ ಮೆಷಿನ್ ಈಗ ಚೆನ್ನಾಗಿ ಓಡುತ್ತಿದೆ. ಒಂದು ಸದ್ದು ಮಾತ್ರ ಹೋಗಿಲ್ಲ. ಹಿಂದಕ್ಕೆ ಹೊಲಿಯುವಾಗ ಪ್ರತಿ ಹೊಲಿಗೆಗೂ ಟಿಕ್, ಟಿಕ್. ಸೂಜಿ ಬದಲಾಯಿಸಿದೆ, ಹಲ್ಲು ಬಿಚ್ಚಿ ಒರೆಸಿದೆ, ಕೊಕ್ಕೆಯ ಮೂಗನ್ನು ಭೂತಗನ್ನಡಿ ಹಿಡಿದು ನೋಡಿದೆ. ಏನೂ ಸಿಗಲಿಲ್ಲ. ಫೋನ್ ಹತ್ತಿರ ಹಿಡಿದು ಅಮ್ಮನಿಗೆ ಕೇಳಿಸಿದೆ.

"ಅದಾ? ಅದು ತಂದ ದಿನದಿಂದಲೂ ಹಾಗೇ ಮಾಡತ್ತೆ" ಅಂದಳು.